ಕೊಕ್ಕೆಗೆ ನೇತುಹಾಕಿದ ಕೈಪಟ್ಟಿ

ಕೆಳಗಿನ ಮನೆಯ ಕೆರ್ತು ಇರ್ಯಾಳ ಮೇಲೆ ಬರೆದ ದೂರು ಒಂದೂವರೆ ಪುಟವಿತ್ತು. ಫಿನ್‌ಲೆಂಡಿನ ಆ ಊರಿನ ನಗರಸಭೆಯವರು ಅದನ್ನು ದೂರು ಎನ್ನುವುದಿಲ್ಲ. ಅವರ ನಮೂನೆಯಲ್ಲಿ ಅದರ ಹೆಸರು ಕಾಳಜಿ ಪತ್ರ. ಅಕ್ಕಪಕ್ಕದ ವಯಸ್ಸಾದವರು ತಮ್ಮನ್ನು ತಾವು ನೋಡಿಕೊಳ್ಳಲಾರರು ಎಂದು ಅನ್ನಿಸಿದರೆ ಯಾರು ಬೇಕಾದರೂ ಅದನ್ನು ತುಂಬಿ ಕಳಿಸಬಹುದು. ಕಳಿಸಿದವರ ಹೆಸರನ್ನು ಕಚೇರಿ ಹೊರಗೆ ಬಿಡುವುದಿಲ್ಲ.

ಹಿರಿಯರ ಸೇವಾ ವಿಭಾಗದ ವೀವಿ ಎಂಬ ಹುಡುಗಿ ಅದನ್ನು ಇರ್ಯಾಳ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದಿ ಹೇಳಿದಳು. ಜನವರಿ ಒಂಬತ್ತು, ಬೆಳಿಗ್ಗೆ ಏಳು ನಲವತ್ತು, ಅಡುಗೆಮನೆಯ ಕಡೆ ದೊಡ್ಡ ಸದ್ದು. ಹನ್ನೊಂದು ನಿಮಿಷ ನಿಶ್ಶಬ್ದ. ಆಮೇಲೆ ಕುರ್ಚಿ ಎಳೆದದ್ದು. ಜನವರಿ ಇಪ್ಪತ್ತನಾಲ್ಕು, ಮಧ್ಯಾಹ್ನ, ಬಚ್ಚಲು. ಫೆಬ್ರವರಿ ಹನ್ನೊಂದು, ಹಜಾರ, ಸದ್ದಿನ ಜೊತೆಗೆ ಗಾಜು ಒಡೆದದ್ದು.

ಇರ್ಯಾ ಮೂವತ್ತೊಂದು ವರ್ಷ ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಕೊಬ್ಬಿನಂಶ ಅಳೆದವಳು. ಮೈ ಉರಿಯುತ್ತಿದ್ದರೂ ಅವಳ ಮನಸ್ಸು ಮೊದಲು ಹೋದದ್ದು ಆ ಹನ್ನೊಂದು ನಿಮಿಷದ ಕಡೆಗೆ. ಅಂದು ನೆಲದ ಮೇಲೆ ಮಲಗಿ ಒಲೆಯ ಗಡಿಯಾರವನ್ನು ನೋಡುತ್ತಲೇ ಇದ್ದಳು. ಸರಿಯಾಗಿ ಹನ್ನೊಂದು ನಿಮಿಷ.

"ಇದನ್ನ ಬರೆದದ್ದು ಕೆರ್ತು," ಎಂದಳು.

"ಹೆಸರು ಹೇಳೋ ಹಾಗಿಲ್ಲ ಇರ್ಯಾ ಅವರೇ."

"ನೀವು ಹೇಳ್ಬೇಡಿ. ನನ್ನ ನೆಲದ ಕೆಳಗೆ ಇರೋದು ಅವಳೊಬ್ಬಳೇ. ಇಲಿಗಳಿಗೆ ಬರೆಯೋಕೆ ಬರಲ್ಲ."

ವೀವಿ ನಗಲಿಲ್ಲ. ನಗುವಷ್ಟು ಹೊತ್ತು ಅವಳಿಗಿರಲಿಲ್ಲ. ಆ ದಿನ ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ವಿಷಯವನ್ನು ನೇರವಾಗಿ ಹೇಳಿದಳು. ಇರ್ಯಾಳ ಹೃದಯ ಆಗಾಗ ತಾಳ ತಪ್ಪುತ್ತದೆ, ತಪ್ಪಿದಾಗ ಕಣ್ಣಿಗೆ ಕತ್ತಲೆ ಬರುತ್ತದೆ. ಅದಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ. ಅಂಥವರು ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಏನೂ ಕಾಣದೆ ಒಳಗೇ ರಕ್ತ ಒಸರಬಹುದು. ಎರಡು ತಿಂಗಳಲ್ಲಿ ಮೂರು ಸಲ ಬಿದ್ದದ್ದು ಕಚೇರಿಗೆ ಗೊತ್ತಾಗಿದೆ. ಈಗ ಅಲಾರಂ ಹಾಕಿಕೊಳ್ಳಬೇಕು. ಇನ್ನೂ ಬೀಳುತ್ತಿದ್ದರೆ ಒಬ್ಬಳೇ ಇರಬಲ್ಲಳೇ ಎಂಬ ಪರಿಶೀಲನೆ ನಡೆಯುತ್ತದೆ.

"ಪರಿಶೀಲನೆ ಅಂದ್ರೆ ಆರೈಕೆ ಮನೆ."

"ಎಲ್ಲರಿಗೂ ಹಾಗೇ ಆಗಲ್ಲ."

"ನನ್ನ ನಾದಿನಿಗೆ ಹಾಗೇ ಆಯ್ತು. ಮಧ್ಯಾಹ್ನ ನಾಲ್ಕಕ್ಕೆ ರಾತ್ರಿ ಊಟ, ಐದಕ್ಕೆ ಹಾಸಿಗೆ. ಎದ್ದು ಓಡಾಡಿದ್ರೆ ಬೀಳ್ತಾರೆ ಅಂತ ಕೂರಿಸಿಯೇ ಇಟ್ರು. ಒಂದು ಸಲವೂ ಬೀಳಲಿಲ್ಲ, ನಿಜ. ಒಂದೂವರೆ ವರ್ಷದಲ್ಲಿ ಸತ್ತಳು."

ವೀವಿ ತನ್ನ ಚೀಲದಿಂದ ಒಂದೊಂದೇ ವಸ್ತು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೊರಳಿಗೆ ಹಾಕುವ ಕೆಂಪು ಗುಂಡಿ. ಬಚ್ಚಲಿನ ಗೋಡೆಗೆ ಕಟ್ಟುವ, ಎಳೆದರೆ ಕೂಗುವ ಹಗ್ಗ. ಬಿದ್ದದ್ದನ್ನು ತಾನೇ ಗ್ರಹಿಸಿ ಕೇಂದ್ರಕ್ಕೆ ಕರೆ ಮಾಡುವ, ಒಳಗೇ ಸಣ್ಣ ಸ್ಪೀಕರ್ ಇರುವ ರಬ್ಬರಿನ ಕೈಪಟ್ಟಿ. ಕೊನೆಯಲ್ಲಿ ಸರಪಳಿಯಲ್ಲಿ ಪೋಣಿಸಿದ ಉಕ್ಕಿನ ಬಿಲ್ಲೆ. ಅದು ಕೂಗುವುದಿಲ್ಲ, ಏನೂ ಮಾಡುವುದಿಲ್ಲ. ಹೆಸರು, ಹುಟ್ಟಿದ ದಿನ, ಕಾಯಿಲೆ, ಮಾತ್ರೆ ಇಷ್ಟನ್ನು ಅದರ ಮೇಲೆ ಕೊರೆದಿರುತ್ತಾರೆ. ಪ್ರಜ್ಞೆ ತಪ್ಪಿ ಬಿದ್ದಾಗ ಸಿಕ್ಕವರು ಓದಿಕೊಳ್ಳಬೇಕು.

ಇರ್ಯಾ ಕೈಪಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದಳು.

"ಸೋಫಾ ಮೇಲೆ ಧಪ್ ಅಂತ ಕೂತ್ರೆ?"

"ಕೆಲವು ಸಲ ಬಿದ್ರಿ ಅಂತ ತಿಳ್ಕೊಳ್ಳುತ್ತೆ."

"ಗೋಡೆ ಹಿಡ್ಕೊಂಡು ಮೆಲ್ಲಗೆ ಜಾರಿದ್ರೆ?"

"ಕೆಲವು ಸಲ ಗೊತ್ತಾಗಲ್ಲ. ಆಗ ನೀವೇ ಗುಂಡಿ ಒತ್ತಬೇಕು."

"ಅಂದ್ರೆ ಇಲ್ಲದ್ದನ್ನ ಹೇಳುತ್ತೆ, ಇದ್ದದ್ದನ್ನ ಬಿಡುತ್ತೆ. ನಮ್ಮ ಡೇರಿಯಲ್ಲಿ ಇಂಥ ಯಂತ್ರ ಬಂದಿದ್ರೆ ವಾಪಸ್ ಕಳಿಸ್ತಿದ್ದೆ. ಇದು ಕೂಗಿದ್ದನ್ನೆಲ್ಲ ಎಲ್ಲಾದ್ರೂ ಬರೆದಿಡ್ತೀರಾ?"

"ಕೇಂದ್ರದಲ್ಲಿ ದಾಖಲಾಗುತ್ತೆ. ತಿಂಗಳಿಗೊಮ್ಮೆ ನಮಗೆ ಬರುತ್ತೆ."

ಅಷ್ಟು ಸಾಕಾಯಿತು. ಕೆಳಗಿನ ಮನೆಯಲ್ಲಿ ಒಬ್ಬಳು ಗುಮಾಸ್ತೆ ಇದ್ದದ್ದು ಸಾಲದೆಂದು ಮಣಿಕಟ್ಟಿಗೆ ಇನ್ನೊಬ್ಬಳನ್ನು ಕಟ್ಟುತ್ತಿದ್ದಾರೆ. ಬೇಡ ಎಂದರೆ ಆ ಬೇಡವೂ ದಾಖಲಾಗುತ್ತದೆ. ಇರ್ಯಾ ಕೈಪಟ್ಟಿಗೂ ಬಿಲ್ಲೆಗೂ ಒಪ್ಪಿ ಸಹಿ ಹಾಕಿದಳು. ಸಹಾಯದ ಕಾರು ಬರಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಕೀಲಿ ತೆಗೆದು ಒಳಗೆ ಬರಬಲ್ಲ ಹತ್ತಿರದವರು ಯಾರು ಎಂಬ ಸಾಲಿನಲ್ಲಿ ಮಾತ್ರ ಏನನ್ನೂ ಬರೆಯಲಿಲ್ಲ. ಸೋದರ ಸೊಸೆ ಇದ್ದದ್ದು ಔಲು ನಗರದಲ್ಲಿ, ನಾಲ್ಕು ಗಂಟೆ ರೈಲು. ಪಕ್ಕದ ಮನೆಯಲ್ಲಿ ವರ್ಷಕ್ಕೊಮ್ಮೆ ಬದಲಾಗುವ ವಿದ್ಯಾರ್ಥಿಗಳು. ಎದುರು ಮನೆಯವನಿಗೆ ಕಿವಿ ಕೇಳುವುದಿಲ್ಲ.

"ಕೆಳಗಡೆ ಮನೆಯವರು?" ಎಂದು ವೀವಿ ಕೇಳಿದಳು.

"ಆ ಸಾಲು ಖಾಲಿ ಇರಲಿ," ಎಂದಳು ಇರ್ಯಾ.

ಅಲ್ಲಿಂದ ಮುಂದೆ ಅವಳು ಬೀಳದಿರುವುದಕ್ಕಿಂತ ಬಿದ್ದದ್ದನ್ನು ಮುಚ್ಚಿಡುವ ಕಡೆಗೆ ಗಮನ ಕೊಟ್ಟಳು. ಉಗ್ರಾಣದಲ್ಲಿದ್ದ ಹಳೆಯ ಚಿಂದಿ ಜಮಖಾನೆಗಳನ್ನೆಲ್ಲ ತಂದು ಹಜಾರದಲ್ಲಿ ಎರಡೆರಡು ಪದರ ಹಾಸಿದಳು, ಸದ್ದು ಕೆಳಗಿಳಿಯದಿರಲಿ ಎಂದು. ಜಮಖಾನೆಯ ಅಂಚಿಗೆ ಕಾಲು ತೊಡರುತ್ತದೆ ಎಂಬುದು ಗೊತ್ತಿದ್ದೂ ಹಾಸಿದಳು. ಸ್ಟೂಲು ಹತ್ತಬೇಕಾದಾಗ, ಕಸ ಹಾಕಲು ಮಂಜಿನಲ್ಲಿ ಅಂಗಳ ದಾಟಬೇಕಾದಾಗ, ಅಂದರೆ ಬೀಳುವ ಸಂಭವ ಇದ್ದಾಗೆಲ್ಲ, ಕೈಪಟ್ಟಿಯನ್ನು ಬಿಚ್ಚಿ ಬ್ರೆಡ್ಡಿನ ಡಬ್ಬಿಯಲ್ಲಿಡುತ್ತಿದ್ದಳು. ಕುರ್ಚಿಯಲ್ಲಿ ಕೂತು ಟೀವಿ ನೋಡುವಾಗ ಕಟ್ಟಿಕೊಳ್ಳುತ್ತಿದ್ದಳು. ಫೆಬ್ರವರಿಯ ದಾಖಲೆಯಲ್ಲಿ ಬಿದ್ದದ್ದು ಒಂದೂ ಇರಲಿಲ್ಲ. ವೀವಿ ಫೋನ್ ಮಾಡಿ ಸಂತೋಷ ಹೇಳಿದಳು.

ಮಾರ್ಚ್ ಮೊದಲ ವಾರ ಹಜಾರದ ಜಮಖಾನೆಯೇ ಕಾಲಿಗೆ ಸಿಕ್ಕಿ ಬಿದ್ದಳು. ಮರುದಿನ ಮೆಟ್ಟಿಲ ಹತ್ತಿರ ಅಂಚೆ ತೆಗೆಯುವಾಗ ಕೆರ್ತು ಎದುರಾದಳು. ಎಪ್ಪತ್ತೊಂಬತ್ತರ ಎತ್ತರದ ಹೆಂಗಸು, ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡಿದವಳು.

"ನಿನ್ನೆ ಎಂಟೂ ಇಪ್ಪತ್ತಕ್ಕೆ ಏನದು, ಆಲೂಗಡ್ಡೆ ಮೂಟೆ ಬಿತ್ತಾ?"

"ಹೌದು. ಹೆಚ್ಚುಕಮ್ಮಿ ನಿನ್ನ ತೂಕದ್ದು."

"ಜಮಖಾನೆ ಹಾಸಿದ್ದೀಯಲ್ಲ, ಅದರ ಮೇಲೆ ಬಿದ್ರೆ ಸದ್ದು ದಪ್ಪ ಬರುತ್ತೆ. ಬಂದೇ ಬರುತ್ತೆ ಕಣೇ."

"ಇನ್ನೊಂದು ಪತ್ರ ಬರಿ ಹೋಗು. ಕಾಗದಕ್ಕೇನು ಬರ, ಕಾರ್ಖಾನೆಯಿಂದ ಹೊತ್ಕೊಂಡು ಬಂದದ್ದು ಇನ್ನೂ ಇರಬೇಕಲ್ಲ."

ಇಬ್ಬರ ಮಧ್ಯೆ ಹೀಗಾಗಲು ಕಾರಣ ಸೌನಾದ ಪಾಳಿ. ಫಿನ್‌ಲೆಂಡಿನ ಹಳೆಯ ವಠಾರಗಳಲ್ಲಿ ಎಲ್ಲ ಮನೆಗೂ ಸೇರಿ ನೆಲಮಹಡಿಯಲ್ಲಿ ಒಂದೇ ಹಬೆಕೋಣೆ; ಯಾರಿಗೆ ಯಾವ ವಾರ, ಎಷ್ಟು ಗಂಟೆ ಎಂಬ ಪಟ್ಟಿ ಅದರ ಬಾಗಿಲಿಗೆ ಅಂಟಿರುತ್ತದೆ. ಶನಿವಾರ ಸಂಜೆ ಆರು ಎಲ್ಲಕ್ಕಿಂತ ಒಳ್ಳೆಯದು. ಕಲ್ಲುಗಳು ಅಷ್ಟು ಹೊತ್ತಿಗೆ ಹದವಾಗಿ ಕಾದಿರುತ್ತವೆ. ಇಪ್ಪತ್ತೆರಡು ವರ್ಷ ಆ ಪಾಳಿ ಇರ್ಯಾ ಮತ್ತು ಅವಳ ಗಂಡ ಪೆಂಟಿಯದು. ಒಂಬತ್ತು ವರ್ಷದ ಹಿಂದೆ ಪೆಂಟಿ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ ಮೂರು ಶನಿವಾರ ಅವಳು ಹೋಗಲಿಲ್ಲ. ನಾಲ್ಕನೆಯ ಶನಿವಾರ ಬಂದು ನೋಡಿದರೆ ಆರರ ಎದುರು ಕೆರ್ತುವಿನ ಹೆಸರಿತ್ತು, ಐದರ ಎದುರು ತನ್ನದು. ಖಾಲಿ ಇತ್ತು, ಕೇಳಿದೆ, ಕೊಟ್ಟರು, ಎಂದಿದ್ದಳು ಕೆರ್ತು. ಅಂದಿನಿಂದ ಇರ್ಯಾ ಆರಕ್ಕೆ ಒಂದು ನಿಮಿಷ ಇರುವಾಗ ಎದ್ದು, ಹಬೆಕೋಣೆಯ ಬಾಗಿಲನ್ನು ಹಾರುಹೊಡೆದು ಬಿಸಿಯೆಲ್ಲ ಹೊರಗೆ ಹೋಗಲು ಬಿಟ್ಟು ಬರುತ್ತಿದ್ದಳು.

ಮಾರ್ಚ್ ಮೂರನೆಯ ಶನಿವಾರ ಐದಕ್ಕೆ ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲುವಂಗಿ ಕಳಚಿ ಕೊಕ್ಕೆಗೆ ಹಾಕಿದಳು. ಉಕ್ಕಿನ ಬಿಲ್ಲೆಯನ್ನೂ ಕಳಚಿದಳು. ಎಂಬತ್ತು ಡಿಗ್ರಿಯಲ್ಲಿ ಅದು ಎದೆಗೆ ಬರೆ ಹಾಕುತ್ತದೆ. ಕೈಪಟ್ಟಿಯನ್ನು ಬಿಚ್ಚಿದಳು, ಅದು ಅಷ್ಟು ಬಿಸಿ ತಡೆಯುವುದಿಲ್ಲ ಎಂದು ಅದರ ಕಾಗದದಲ್ಲೇ ಬರೆದಿತ್ತು. ಈ ಒಂದು ಸಲ ಬಿಚ್ಚುವುದಕ್ಕೆ ಸುಳ್ಳು ಬೇಕಿರಲಿಲ್ಲ. ಸೌನಾಕ್ಕೆ ಯಾರೂ ಏನನ್ನೂ ತೊಟ್ಟು ಹೋಗುವುದಿಲ್ಲ.

ಮೇಲಿನ ಹಲಗೆಯಲ್ಲಿ ಕೂತು ಗೋಡೆಯ ಮರಳುಗಡಿಯಾರವನ್ನು ತಿರುಗಿಸಿದಳು. ಐದೂ ಹದಿನೈದು. ಕಲ್ಲಿಗೆ ಎರಡು ಸೌಟು ನೀರು ಹೊಯ್ದಳು. ಹಬೆ ಚಾವಣಿಗೆ ಏರಿ, ಹೆಗಲ ಮೇಲೆ ಇಳಿಯಿತು. ಇನ್ನೊಂದು ಸೌಟು ಹೊಯ್ದು ಕೆಳಗಿಳಿಯಲು ಎದ್ದಾಗ ಎದೆಯೊಳಗೆ ಮೀನು ಹೊರಳಿದಂತಾಯಿತು. ಆಮೇಲೆ ಹಲಗೆಯ ಅಂಚು ಕಿವಿಯ ಮೇಲೆ ಬಡಿದದ್ದು ಗೊತ್ತಾಯಿತು, ನೋವಾದದ್ದು ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ಹಬೆಕೋಣೆಯಿಂದ ಮೈ ತೊಳೆಯುವ ಕೋಣೆಗೆ ದಾಟುವ ಹೊಸ್ತಿಲಿನಲ್ಲಿ, ಅರ್ಧ ಮೈ ಒಳಗೆ ಅರ್ಧ ಹೊರಗೆ, ಬಲಮಗ್ಗುಲಾಗಿ ಬಿದ್ದಿದ್ದಳು. ಮರಳೆಲ್ಲ ಕೆಳಗಿಳಿದಿತ್ತು. ಹದಿನೈದು ನಿಮಿಷದ ಗಡಿಯಾರ. ಹಾಗಾದರೆ ಐದೂವರೆ ದಾಟಿದೆ, ಎಷ್ಟು ದಾಟಿದೆ ಎಂಬುದು ಗೊತ್ತಿಲ್ಲ. ಕಿವಿಯ ಹಿಂದೆ ಮುಟ್ಟಿದಳು. ಬೆರಳಿಗೆ ರಕ್ತ ಹತ್ತಿತು. ಹೊರಗಿನ ಈ ರಕ್ತ ಲೆಕ್ಕಕ್ಕಿಲ್ಲ, ಅದು ತಾನೇ ನಿಲ್ಲುತ್ತದೆ. ಒಳಗಿನದನ್ನು ಅಳೆಯಲು ಇಲ್ಲಿ ಯಾವ ಸಾಧನವೂ ಇಲ್ಲ. ಮೊದಲು ತಲೆನೋವು ಬರುತ್ತದೆ, ನಂತರ ವಾಕರಿಕೆ, ನಂತರ ನಿದ್ದೆ ಎಂದು ವೀವಿ ಕೊಟ್ಟ ಹಾಳೆಯಲ್ಲಿತ್ತು. ತಲೆನೋವು ಬಂದಿತ್ತು.

ಕೈಪಟ್ಟಿ ನಾಲ್ಕು ಮೀಟರ್ ದೂರದಲ್ಲಿ, ಅದರ ಪಕ್ಕದಲ್ಲೇ ನಿಲುವಂಗಿ. ಇರ್ಯಾ ಮೊಣಕೈ ಊರಿ ತೆವಳತೊಡಗಿದಳು. ಆ ಹೊತ್ತಿನಲ್ಲಿ ಅವಳ ಕಣ್ಣಿದ್ದದ್ದು ನಿಲುವಂಗಿಯ ಮೇಲೆ, ಆರಕ್ಕೆ ಬಾಗಿಲು ತೆರೆದು ಆ ಹೆಂಗಸು ಒಳಗೆ ಬರುತ್ತಾಳೆ, ಅಷ್ಟರಲ್ಲಿ ಮೈ ಮುಚ್ಚಿಕೊಂಡು ಎದ್ದು ಕೂತಿರಬೇಕು, ಏನೂ ಆಗಿಲ್ಲ ಎಂಬಂತೆ. ಕೈಪಟ್ಟಿ ಒತ್ತಬಹುದೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಒದ್ದೆ ನೆಲದ ಮೇಲೆ ಒಂದೂವರೆ ಮೀಟರ್ ಸಾಗಿದ್ದಳು, ಅಷ್ಟರಲ್ಲಿ ಬಾಗಿಲು ತೆರೆದ ಸದ್ದಾಯಿತು. ಕೆರ್ತು ಬಟ್ಟೆ ಕಳಚುತ್ತಲೇ ಬೈಯುತ್ತಿದ್ದಳು.

"ಆರಾಯ್ತು! ಮತ್ತೆ ಬಾಗಿಲು ತೆಗೆದಿಟ್ಟಿದ್ದೀಯಾ, ಬಿಸಿಯೆಲ್ಲ ಇಲ್ಲಿಗೆ ಬರ್ತಿದೆ! ನಿನ್ನ ಹೊಟ್ಟೆಕಿಚ್ಚಿನಲ್ಲೇ ಕಲ್ಲು ಕಾಯಿಸಬಹುದಿತ್ತು ಕಣೇ..."

ಬರಿಮೈಯಲ್ಲಿ ಬಕೆಟ್ ಹಿಡಿದು ಒಳಗೆ ಬಂದವಳು ನಿಂತಳು. ನೆಲದಿಂದ ತಲೆ ಎತ್ತಿದ ಇರ್ಯಾಳಿಗೆ ಮೊದಲು ಕಂಡದ್ದು ಕೆರ್ತುವಿನ ಎಡ ತೊಡೆ. ಸೊಂಟದಿಂದ ಮೊಣಕಾಲಿನ ತನಕ ಹರಡಿದ ಪೆಟ್ಟಿನ ಕಲೆ. ಅಂಚಿನಲ್ಲಿ ಹಳದಿ, ಒಳಗೆ ಹಸಿರು, ನಡುವೆ ಇನ್ನೂ ನೇರಳೆ. ಹತ್ತು ದಿನದ್ದು, ಹೆಚ್ಚೆಂದರೆ ಹನ್ನೆರಡು.

ಕೆರ್ತು ಟವೆಲ್ಲನ್ನು ಅಡ್ಡ ಹಿಡಿದಳು. ತಡವಾಗಿತ್ತು.

"ನೀನೂ ಬೀಳ್ತಿದ್ದೀಯ," ಎಂದಳು ಇರ್ಯಾ.

"ಮೇಜಿನ ಮೂಲೆ ತಾಗಿತು."

"ಅಷ್ಟುದ್ದ ಮೂಲೆ ಯಾವ ಮೇಜಿಗೂ ಇರಲ್ಲ. ನನ್ನ ಮೇಲೆ ಪತ್ರ ಬರೆದ್ರೆ ನಿನ್ನ ಕಡೆ ಯಾರೂ ನೋಡಲ್ಲ ಅಂತ ತಾನೇ?"

"ಬಾಯಿ ಮುಚ್ಚು. ತಲೆ ಒಡ್ಕೊಂಡಿದ್ದೀಯ. ಎಷ್ಟು ಹೊತ್ತಾಯ್ತು?"

"ಫೋನ್ ಮಾಡ್ಬೇಡ. ನನ್ನ ಕೂರಿಸು, ಮೇಲೆ ಮನೆಗೆ ಬಿಡು, ಸಾಕು. ನೀನು ನನ್ನನ್ನ ನೋಡಿಲ್ಲ, ನಾನು ನಿನ್ನ ತೊಡೆ ನೋಡಿಲ್ಲ. ಯಾರನ್ನಾದ್ರೂ ಕರೆದ್ಯೋ, ಎಲ್ಲಾ ಹೇಳ್ತೀನಿ. ನಿನ್ನನ್ನೂ ಅಲ್ಲಿಗೇ ಹಾಕ್ತಾರೆ. ಇಬ್ಬರೂ ನಾಲ್ಕು ಗಂಟೆಗೆ ಗಂಜಿ ಕುಡಿಯೋಣ."

ಕೆರ್ತು ಬಕೆಟ್ ಕೆಳಗಿಟ್ಟಳು. ಲೆಕ್ಕ ಹಾಕುತ್ತಿದ್ದಾಳೆ ಎಂಬುದು ಇರ್ಯಾಳಿಗೆ ಕಾಣುತ್ತಿತ್ತು. ಆಮೇಲೆ ಹೊರಗೆ ಹೋಗಿ ಕೊಕ್ಕೆಯಿಂದ ನಿಲುವಂಗಿ, ಬಿಲ್ಲೆ, ಕೈಪಟ್ಟಿ ಮೂರನ್ನೂ ತಂದಳು. ನಿಲುವಂಗಿಯನ್ನು ಇರ್ಯಾಳ ಮೈಮೇಲೆ ಎಸೆದಳು. ಕೈಪಟ್ಟಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಹೇಳಿದ್ರೆ ಹೇಳ್ಕೋ ಹೋಗು," ಎಂದಳು.

"ಇರ್ಯಾ ಅವರೇ, ಏನಾಯ್ತು?" ಎಂದು ಕೈಪಟ್ಟಿ ಕೇಳಿತು.

"ನಾನು ಇರ್ಯಾ ಅಲ್ಲ, ದೇವರು ದೊಡ್ಡವನು. ಅವಳು ಸೌನಾದಲ್ಲಿ ಬಿದ್ದಿದ್ದಾಳೆ. ಕಿವಿ ಹಿಂದೆ ರಕ್ತ. ಬಾಯಿಗೇನೂ ಆಗಿಲ್ಲ."

ಆಂಬುಲೆನ್ಸ್ ಕಳಿಸುತ್ತಿದ್ದೇವೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಎಂದಿತು ದನಿ. ಕೆರ್ತು ಬಿಲ್ಲೆಯನ್ನು ಕೈ ಚಾಚುವಷ್ಟು ದೂರ ಹಿಡಿದು ಕಣ್ಣು ಕಿರಿದಾಗಿಸಿದಳು. ಕನ್ನಡಕ ಮನೆಯಲ್ಲಿತ್ತು.

"ರಕ್ತ ತೆಳು ಮಾಡೋದು ಅಂತಿದೆ. ಆ... ಅಪಿ ಏನೋ. ಐವತ್ತು ಮಿಲಿಗ್ರಾಂ."

ಇರ್ಯಾ ಹಲ್ಲು ಕಚ್ಚಿ ಸುಮ್ಮನಿದ್ದಳು. ತಾನಾಗಿ ಒಂದು ಮಾತು ಹೇಳಿದರೂ ಅದು ತನ್ನ ಮೇಲೆ ತಾನೇ ಕೊಟ್ಟ ಸಾಕ್ಷಿ.

"ಐವತ್ತಾ? ಖಚಿತವಾ?" ಎಂದಿತು ದನಿ.

"ಐವತ್ತೇ. ಐದು, ಪಕ್ಕದಲ್ಲಿ ಸೊನ್ನೆ."

"ಐದು!" ಎಂದು ಇರ್ಯಾ ಕೂಗಿದಳು. ತಲೆ ಸಿಡಿಯಿತು. "ಪಕ್ಕದಲ್ಲಿರೋದು ಗೀರು! ಐವತ್ತು ಕುದುರೆಗೆ ಕೊಡೋದು. ಅಪಿಕ್ಸಾಬಾನ್, ಐದು ಮಿಲಿಗ್ರಾಂ, ದಿನಕ್ಕೆರಡು ಸಲ. ಕೊನೇದು ಇವತ್ತು ಬೆಳಿಗ್ಗೆ ಎಂಟಕ್ಕೆ. ಬಿದ್ದದ್ದು ಐದೂ ಇಪ್ಪತ್ತಕ್ಕೆ. ಎಚ್ಚರ ತಪ್ಪಿತ್ತು, ಎಷ್ಟು ಹೊತ್ತು ಅಂತ ಗೊತ್ತಿಲ್ಲ."

ಕೈಪಟ್ಟಿ ಎಲ್ಲವನ್ನೂ ಬರೆದುಕೊಂಡಿತು. ಅವರನ್ನು ಕದಲಿಸಬೇಡಿ, ತಲೆಗೆ ಆಸರೆ ಕೊಡಿ, ಮಾತಾಡಿಸುತ್ತಿರಿ, ಎಂದು ಕೆರ್ತುವಿಗೆ ಹೇಳಿತು.

"ಮಾತಾಡಿಸೋದಂತೆ," ಎಂದು ಗೊಣಗುತ್ತ ಕೆರ್ತು ಟವೆಲ್ ಸುತ್ತಿಕೊಂಡು ಗೋಡೆ ಹಿಡಿದು ನೆಲದ ಮೇಲೆ ಕೂತಳು. ಕೂರುವುದಕ್ಕೇ ಬಹಳ ಹೊತ್ತಾಯಿತು. ಇರ್ಯಾಳ ತಲೆಯನ್ನು ಮಡಚಿದ ಇನ್ನೊಂದು ಟವೆಲ್ಲಿನ ಮೇಲಿಟ್ಟಳು. "ನಿದ್ದೆ ಮಾಡ್ಬೇಡ. ಬೈ ಬೇಕಾದ್ರೆ."

ಇರ್ಯಾ ಬೈದಳು. ಪೆಂಟಿಯ ಹೆಸರು ಪಟ್ಟಿಯಲ್ಲಿ ಅಳಿಸಿದ್ದಕ್ಕೆ, ಅವನ ಮಣ್ಣಿಗೆ ಬಂದು ಕಾಫಿ ಕುಡಿದು ಹೋದದ್ದಕ್ಕೆ, ಒಂಬತ್ತು ವರ್ಷದ ಎಲ್ಲದಕ್ಕೂ, ಇಸವಿ ತಿಂಗಳು ಸಮೇತ. ನಾಲಿಗೆ ದಪ್ಪವಾಗುತ್ತಿತ್ತು. ಮಾತು ನಿಂತಾಗೆಲ್ಲ ಕೆರ್ತು ಭುಜಕ್ಕೆ ತಿವಿದು, "ಆಮೇಲೆ? ಅಷ್ಟೇನಾ ನಿನ್ನ ಹತ್ರ ಇರೋದು?" ಎನ್ನುತ್ತಿದ್ದಳು.

ಆಂಬುಲೆನ್ಸಿನ ಇಬ್ಬರು ಗಂಡಸರು ಬಂದಾಗ ಕೆರ್ತು ಎದ್ದು ದಾರಿ ಬಿಡಲು ನೋಡಿದಳು. ಆಗಲಿಲ್ಲ. ಮತ್ತೊಮ್ಮೆ ನೋಡಿದಳು. ಕಾಲು ಸಹಕರಿಸಲಿಲ್ಲ, ಟವೆಲ್ ಸರಿದು ತೊಡೆ ಪೂರ್ತಿ ಬಿಚ್ಚಿಕೊಂಡಿತು.

ಬಂದವರಲ್ಲಿ ಹಿರಿಯವನು ಒಬ್ಬಳಿಂದ ಇನ್ನೊಬ್ಬಳಿಗೆ ಕಣ್ಣು ಹಾಯಿಸಿದ. "ನಿಮ್ಮಲ್ಲಿ ಬಿದ್ದವರು ಯಾರಮ್ಮ?"

"ನನಗೇನೂ ಆಗಿಲ್ಲ, ಅವಳನ್ನ ನೋಡಿ," ಎಂದಳು ಕೆರ್ತು.

"ಇಬ್ಬರೂ," ಎಂದಳು ಇರ್ಯಾ.

ತಲೆಯ ಒಳಗೆ ತೆಳುವಾದ ಒಂದು ರಕ್ತದ ಪದರ ಕಟ್ಟಿತ್ತು. ಮಾತ್ರೆಯ ಹೆಸರು, ಹೊತ್ತು ಎರಡೂ ಮೊದಲೇ ತಿಳಿದಿದ್ದರಿಂದ ಅದರ ಪರಿಣಾಮ ತಡೆಯುವ ಔಷಧ ಇರ್ಯಾ ಆಸ್ಪತ್ರೆ ತಲುಪುವಷ್ಟರಲ್ಲಿ ಸಿದ್ಧವಾಗಿತ್ತು. ಪದರ ಬೆಳೆಯಲಿಲ್ಲ. ಆರನೆಯ ದಿನ ವೀವಿ ವಾರ್ಡಿಗೆ ಬಂದಳು, ಅವಳ ಹಿಂದೆಯೇ ಊರುಗೋಲು ಹಿಡಿದು ಕೆರ್ತು. ಅವಳ ಮಣಿಕಟ್ಟಿನಲ್ಲೂ ಅಂಥದ್ದೇ ರಬ್ಬರಿನ ಪಟ್ಟಿ.

"ಇಬ್ಬರೂ ಅಂದ್ಯಲ್ಲ," ಎಂದಳು ಕೆರ್ತು ಕೂರುವ ಮೊದಲೇ. "ನಿನ್ನ ನಾಲಿಗೆ ಬಿದ್ದುಹೋಗ. ನಿನಗೋಸ್ಕರ ನೆಲದ ಮೇಲೆ ಕೂತೆ, ಅದಕ್ಕೆ ಈ ಬಹುಮಾನ."

"ನಿಜ ಹೇಳಿದೆ."

"ನೀನು ನಿಜ ಹೇಳೋದು ಬೇರೆಯವರ ವಿಷಯದಲ್ಲಿ ಮಾತ್ರ."

ವೀವಿ ಇಬ್ಬರ ಮಾತನ್ನೂ ದಾಟಿ ಕಾಗದ ಹರಡಿದಳು. ಪರಿಶೀಲನೆ ನಡೆದೇ ನಡೆಯುತ್ತದೆ, ಅದನ್ನು ತಪ್ಪಿಸಲು ತನ್ನಿಂದಾಗದು. ಆದರೆ ಕೆಲವೇ ನಿಮಿಷದಲ್ಲಿ ಬಾಗಿಲು ತೆಗೆಯಬಲ್ಲ ಒಬ್ಬರು ಅದೇ ಕಟ್ಟಡದಲ್ಲಿದ್ದರೆ, ಬೀಳುವುದರ ನಿಜವಾದ ಲೆಕ್ಕ ಕಚೇರಿಯ ಮುಂದಿದ್ದರೆ, ಮನೆಯಲ್ಲೇ ಉಳಿಸಲು ಕಾರಣ ಸಿಗುತ್ತದೆ. ಎರಡೂ ಇಲ್ಲದಿದ್ದರೆ ಇರ್ಯಾ ಈ ವಾರ್ಡಿನಿಂದ ನೇರ ಆರೈಕೆ ಮನೆಗೆ ಹೋಗಬೇಕಾಗಬಹುದು. ಕೆರ್ತುವಿಗೂ ಇದೇ ನಿಯಮ; ಅವಳು ತನ್ನ ನಮೂನೆಯನ್ನು ಆಗಲೇ ತುಂಬಿ ಇಟ್ಟುಕೊಂಡಿದ್ದಳು.

"ನಿಜವಾದ ಲೆಕ್ಕ," ಎಂದು ಮತ್ತೊಮ್ಮೆ ಹೇಳಿ ಪೆನ್ನು ಕೊಟ್ಟಳು.

ಇರ್ಯಾ ನಮೂನೆಯನ್ನು ಓದಿದಳು. ಜನವರಿಯಿಂದ ಈಚೆಗೆ ಎಷ್ಟು ಸಲ ಬಿದ್ದಿದ್ದೀರಿ. ಪೆನ್ನು ಅಲ್ಲೇ ನಿಂತಿತು. ನಾಲ್ಕು ಎಂದು ಬರೆದರೆ ಎದುರಿಗೆ ಕೂತವಳು ಬಾಯಿ ಬಿಡುತ್ತಾಳೆ. ಐದು ಎಂದು ಬರೆದರೆ ಯಾರೂ ತಗಾದೆ ತೆಗೆಯುವಂತಿಲ್ಲ. ಅವಳು ಆರು ಎಂದು ಬರೆದಳು.

ಕೆರ್ತು ಕತ್ತು ಚಾಚಿ ನೋಡುತ್ತಿದ್ದಳು. ಈ ಸಲ ಕನ್ನಡಕ ಇತ್ತು.

"ಆರಾ? ನನ್ನ ಹತ್ರ ಐದೇ ಇರೋದು. ಪತ್ರದಲ್ಲಿದ್ದ ಮೂರು, ಜಮಖಾನೆಯದೊಂದು, ಸೌನಾದ್ದೊಂದು. ಇನ್ನೊಂದು ಯಾವಾಗ?"

"ಫೆಬ್ರವರಿ ಇಪ್ಪತ್ತು. ನೀನಿರಲಿಲ್ಲ."

"ಯಾವ ವಾರ?"

"ಬುಧವಾರ. ನೀನು ಚರ್ಚಿನ ಹೆಂಗಸರ ಜೊತೆ ಹೆಣಿಗೆಗೆ ಹೋಗ್ತೀಯಲ್ಲ, ಆಗ."

"ಎಷ್ಟು ಹೊತ್ತು ಬಿದ್ದಿದ್ದೆ?"

"ಎರಡು ಗಂಟೆ ಹತ್ತು ನಿಮಿಷ."

ಕೆರ್ತು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಅಂದ್ರೆ ಇನ್ನು ನನ್ನ ಬುಧವಾರವೂ ಹೋಯ್ತು," ಎಂದಳು ಕೆರ್ತು. "ಮೂವತ್ತು ವರ್ಷದ ಹೆಣಿಗೆ. ನಿನ್ನಿಂದ ನನಗೆ ಇನ್ನೇನೇನು ಹೋಗಬೇಕೋ."

"ಯಾರು ಬೇಡ ಅಂದ್ರು? ಹೋಗು. ಹೊರಡೋ ಮುಂಚೆ ಹೇಳು, ನೀನು ಬರೋ ತನಕ ಕುರ್ಚಿ ಬಿಟ್ಟು ಏಳಲ್ಲ."

"ನೀನು? ಎರಡು ಗಂಟೆ ಕೂತಿರ್ತೀಯ? ನಂಬೋ ಮಾತಾ ಇದು."

"ಬಂದ ಮೇಲೆ ಬಾಗಿಲು ತೆಗೆದು ನೋಡ್ಕೋ," ಎಂದು ಹೇಳಿ, ಹತ್ತಿರದವರು ಯಾರು ಎಂಬ, ಖಾಲಿ ಉಳಿದಿದ್ದ ಸಾಲಿನಲ್ಲಿ ಇರ್ಯಾ ಅವಳ ಹೆಸರನ್ನು ಬರೆಯತೊಡಗಿದಳು. ಅರ್ಧಕ್ಕೆ ನಿಲ್ಲಿಸಿ ತಲೆ ಎತ್ತಿದಳು. "ನಿಂದು ಕೊಡು ಇಲ್ಲಿ. ಎಷ್ಟು ಅಂತ ಬರೆದಿದ್ದೀಯ?"

"ಒಂದು," ಎಂದಳು ಕೆರ್ತು, ಕಾಗದವನ್ನು ಮಡಿಲಿಗೆ ಮಗುಚಿಹಾಕಿ.